ಡಾಸನ್‌ನ ಮೂಸ್‌ಹೈಡ್ ಸ್ಲೈಡ್: ಎಲ್ಲಿಂದ ನೋಡಬೇಕು, ಎಲ್ಲಿ ಕಾಲಿಡಬಾರದು

[ದೃಶ್ಯ: ಯೂಕಾನ್ ನದಿ, ದಡದಲ್ಲಿ ಊರು, ಊರಿನ ಉತ್ತರಕ್ಕೆ ಬೋಳು ಗುಡ್ಡ]

ಗುಡ್ಡದ ಮೈಮೇಲೆ ಮೂಸ್‌ನ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ತೊಗಲು ಹರವಿ ಒಣಗಲು ಹಾಕಿದ ಹಾಗೆ ಕಾಣ್ತಿದೆಯಲ್ಲ, ಅದೇ ಮೂಸ್‌ಹೈಡ್ ಸ್ಲೈಡ್. ಊರು ಕೆನಡಾದ ಡಾಸನ್. 1896ರಲ್ಲಿ ಇಲ್ಲಿ ಚಿನ್ನ ಸಿಕ್ಕ ಕಥೆ ಗೊತ್ತಿರೋರು ಇದನ್ನೂ ಗಣಿಯವರ ಕೆಲಸ ಅಂದುಕೊಳ್ತಾರೆ. ಅಲ್ಲ, ಅವರು ಬರೋಕೆ ಎಷ್ಟೋ ಮುಂಚೆ ಗುಡ್ಡ ತಾನಾಗಿಯೇ ಕುಸಿದಿತ್ತು. ಗಣಿಯವರು ಬಿಟ್ಟುಹೋದದ್ದು ಬೇಕಾದರೆ ಊರಿಗೆ ಬರುವ ಹೆದ್ದಾರಿ ಪಕ್ಕ ಕಣ್ಣು ಹಾಯಿಸಿ: ಚಿನ್ನಕ್ಕಾಗಿ ನೆಲ ತೋಡುವ ಡ್ರೆಜ್ ಯಂತ್ರಗಳು ಉಗುಳಿದ ಜಲ್ಲಿ ದಿಬ್ಬಗಳು.

[ದೃಶ್ಯ: ಹಸಿರು ಕಲ್ಲಿನ ತುಂಡು, ಹತ್ತಿರದಿಂದ]

ಕುಸಿದದ್ದು ಕಲ್ಲಿನ ಗುಣದಿಂದ. ಇದು ಸರ್ಪೆಂಟಿನೈಟ್. ಕಡುಹಸಿರು, ನುಣುಪು, ಬಿರುಕು ಬಿಟ್ಟ ಕಡೆ ಹಿಡಿತವೇ ಇರಲ್ಲ, ತುಂಡುಗಳು ಜಾರ್ತವೆ. ನೆತ್ತಿಯ ಹತ್ತಿರ ಈಗಲೂ ಬಿರುಕುಗಳಿವೆ. ಮೇಲಿನ ಅಂಚಿಗೆ ಹೋಗಿ ಇಣುಕೋದು ಖಂಡಿತ ಬೇಡ.

ಯೂಕಾನ್ ಪ್ರದೇಶದ ರಾಜಧಾನಿ ವೈಟ್‌ಹಾರ್ಸ್‌ನಿಂದ ಡಾಸನ್‌ಗೆ ಕ್ಲೋಂಡೈಕ್ ಹೆದ್ದಾರಿಯಲ್ಲಿ ಸುಮಾರು 530 ಕಿ.ಮೀ. ದಾರಿಯಲ್ಲಿ ಸಿಗುವ ಕಾರ್ಮ್ಯಾಕ್ಸ್ ಊರಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ, ಮುಂದಿನ ಬಂಕ್ ತೆರೆದಿರುತ್ತೆ ಅಂತ ನಂಬಬೇಡಿ. ಬಹಳಷ್ಟು ದೂರ ಮೊಬೈಲ್ ಸಿಗ್ನಲ್ ಇಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಆಗಿರಲಿ. ಕರಡಿ ಸ್ಪ್ರೇ (ಕರಡಿ ಓಡಿಸುವ ಖಾರದ ಸ್ಪ್ರೇ) ವಿಮಾನದಲ್ಲಿ ಬಿಡಲ್ಲ, ಚೆಕ್-ಇನ್ ಬ್ಯಾಗಲ್ಲೂ ಇಲ್ಲ. ವೈಟ್‌ಹಾರ್ಸ್‌ನಲ್ಲೇ ಕೊಳ್ಳಿ.

[ದೃಶ್ಯ: ದೋಣಿಯಿಂದ ಕಾಣುವ ಗುಡ್ಡ]

ನಮ್ಮನ್ನು ಕೇಳಿದರೆ, ಗುಡ್ಡ ಪೂರ್ತಿ ಕಾಣೋದು ನದಿಯ ಪಶ್ಚಿಮ ದಡದಿಂದ. ಸರ್ಕಾರಿ ಫೆರಿ ಉಚಿತ. ನದಿ ಹೆಪ್ಪುಗಟ್ಟದ ತಿಂಗಳುಗಳಲ್ಲಿ ಮಾತ್ರ ಓಡುತ್ತೆ. ಬೇಸಿಗೆಯಲ್ಲಿ ವಾಹನಗಳ ಸಾಲು ಉದ್ದ, ಹಾಗಾಗಿ ಕಾರು ಊರಲ್ಲೇ ಬಿಟ್ಟು ನಡ್ಕೊಂಡು ಹತ್ತಿ. ಮಧ್ಯಾಹ್ನದ ಮೇಲೆ ಹೋದರೆ ಬಿಸಿಲು ನಿಮ್ಮ ಬೆನ್ನಿಗಿರುತ್ತೆ, ಫೋಟೊ ಚೆನ್ನಾಗಿ ಬರುತ್ತೆ. 887 ಮೀಟರ್ ಎತ್ತರದ ಮಿಡ್‌ನೈಟ್ ಡೋಮ್ ಗುಡ್ಡಕ್ಕೂ ರಸ್ತೆ ಇದೆ, ಅಲ್ಲಿಂದ ಯೂಕಾನ್, ಕ್ಲೋಂಡೈಕ್ ಎರಡೂ ನದಿ ಸೇರುವ ಜಾಗ ಸೊಗಸು.

[ದೃಶ್ಯ: ಸಡಿಲ ಕಲ್ಲಿನ ಮೇಲೆ ಕಾಲುದಾರಿ]

ಊರಿನ ಉತ್ತರ ತುದಿಯಿಂದ ಹೊರಡುವ ಕಾಲುದಾರಿ ಕುಸಿತವನ್ನು ಅಡ್ಡ ದಾಟುತ್ತೆ. ಹಿಮ ಕರಗುವಾಗ, ಮಳೆ ಬಂದ ಮೇಲೆ ಅತ್ತ ಸುಳಿಯಬೇಡಿ: ಕಲ್ಲುಗಳ ಸಂದಿಗೆ ನೀರು ಇಳಿದು ಸಡಿಲವಾಗಿರುತ್ತೆ. ಒಣಗಿದ್ದಾಗಲೂ ಕಣಕಾಲು ಮುಚ್ಚುವ ಬೂಟು ಬೇಕು. ಒಬ್ಬರು ಪೂರ್ತಿ ದಾಟಿದ ಮೇಲೆ ಇನ್ನೊಬ್ಬರು. ಮಧ್ಯದಲ್ಲಿ ನಿಂತು ವಿಡಿಯೋ ಬೇಡ, ಮೇಲಕ್ಕೆ ಹತ್ತೋದಂತೂ ಬೇಡವೇ ಬೇಡ.

ಇದೇ ದಾರಿ ಮುಂದೆ ಮೂಸ್‌ಹೈಡ್ ಹಳ್ಳಿಗೆ ಹೋಗುತ್ತೆ. ಅದು ಟ್ರಾಂಡೆಕ್ ಹ್ವೆಚಿನ್ ಮೂಲನಿವಾಸಿಗಳ ಜಾಗ. ಡಾಸನ್‌ನಲ್ಲಿರುವ ಅವರ ಕಚೇರಿಯಲ್ಲಿ ಅನುಮತಿ ಕೇಳಿ. ಸಿಗದಿದ್ದರೆ ಕುಸಿತ ದಾಟಿದಲ್ಲಿಂದಲೇ ವಾಪಸ್.