ಕೆಂಡದ ಮೇಲಿದ್ದ ಮೀನು

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಅಯ್ಯನವರು ಫೋನ್ ಮಾಡಿ ಪ್ರೀತಿ ಬಗ್ಗೆ ಸ್ವಲ್ಪ ಮಾತಾಡಿ ಅಂದಾಗ ಬೈಬಲ್ಲಿನ ಪ್ರೀತಿಯ ಅಧ್ಯಾಯ, 1 ಕೊರಿಂಥ 13 ಓದೋಣ ಅಂದ್ಕೊಂಡಿದ್ದೆ, ಅದು ನಮಗೆಲ್ಲ ಬಾಯಿಪಾಠ, ಪ್ರತಿ ಮದುವೆಯಲ್ಲೂ ಕೇಳ್ತೀವಿ. ಆದ್ರೆ ಈ ವಾರವೆಲ್ಲ ನನ್ನ ತಲೇಲಿ ಕೂತಿದ್ದು ಯೋಹಾನ 21ನೇ ಅಧ್ಯಾಯದ ಒಂದು ಬೆಳಗಿನ ಊಟ.

ಏಳು ಜನ ಶಿಷ್ಯರು ತಿಬೇರಿಯ ಸಮುದ್ರದಲ್ಲಿ ರಾತ್ರಿಯೆಲ್ಲ ಬಲೆ ಬೀಸಿದ್ರೂ ಒಂದು ಮೀನೂ ಸಿಕ್ಕಿರಲಿಲ್ಲ, ಬೆಳಗಾಗೋ ಹೊತ್ತಿಗೆ ದಡದಲ್ಲಿ ನಿಂತಿದ್ದ ಯೇಸುಸ್ವಾಮಿ ದೋಣಿಯ ಬಲಗಡೆ ಬಲೆ ಹಾಕಿ ಅಂದ್ರು, 153 ಮೀನು ಬಿತ್ತು. ನಾವು ಆ 153ಕ್ಕೇ ನಿಂತ್ಬಿಡ್ತೀವಿ. ಆದ್ರೆ ಅವರು ದಡಕ್ಕೆ ಬಂದಾಗ ಅಲ್ಲಿ ಆಗಲೇ ಕೆಂಡ ಇತ್ತು, ಕೆಂಡದ ಮೇಲೆ ಮೀನಿತ್ತು, ರೊಟ್ಟಿನೂ ಇತ್ತು. ಸೌದೆ ಒಲೆ ಮುಂದೆ ಕೂತವರಿಗೆ ಗೊತ್ತು, ಕಡ್ಡಿ ಗೀರಿದ ತಕ್ಷಣ ಕೆಂಡ ಆಗಲ್ಲ, ಊದ್ಬೇಕು, ಕಣ್ಣಲ್ಲಿ ನೀರು ಬರುತ್ತೆ, ಕಾಯ್ಬೇಕು. ಸಾವನ್ನೇ ಗೆದ್ದು ಎದ್ದು ಬಂದ ಕರ್ತನು ರಾತ್ರಿಯಿಡೀ ದುಡಿದು ಸುಸ್ತಾಗಿರೋರಿಗೆ ತಿಂಡಿ ರೆಡಿ ಇಟ್ಕೊಂಡು ಕಾಯ್ತಿದ್ದಾರೆ.

ಆ ಏಳು ಜನರಲ್ಲಿ ಪೇತ್ರನೂ ಇದ್ದ ನೋಡಿ. ಯೇಸುವನ್ನ ಹಿಡ್ಕೊಂಡು ಹೋದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇಂಥದ್ದೇ ಕೆಂಡದ ಹತ್ರ ಚಳಿ ಕಾಯಿಸ್ಕೊಳ್ತಾ ನಾನು ಅವನ ಶಿಷ್ಯ ಅಲ್ಲ ಅಂದವನು. ನನ್ನನ್ನು ಪ್ರೀತಿಸುತ್ತೀಯೋ ಅಂತ ಯೇಸು ಅವನನ್ನ ಮೂರು ಸಲ ಕೇಳ್ತಾರೆ, ಆದ್ರೆ ಅದು ಊಟ ಆದ್ಮೇಲೆ. ಮೊದಲು "ಬನ್ನಿರಿ, ಊಟಮಾಡಿರಿ". ನನಗಂತೂ ಇದು ಓದಿದಾಗಲೆಲ್ಲ ಗಂಟಲು ಕಟ್ಟುತ್ತೆ.

ನಮ್ಮ ತಂದೆ ಹನ್ನೊಂದು ದಿನ ಆಸ್ಪತ್ರೇಲಿದ್ರು. ನೋಡೋಕೆ ಬಂದೋರೆಲ್ಲ ಪ್ರಾರ್ಥನೆ ಮಾಡಿದ್ರು, ಅದಕ್ಕೆ ನಾನು ಋಣಿ. ನಮ್ಮ ಸಭೆಯ ಒಬ್ಬ ಆಂಟಿ ಮಾತ್ರ ಬಂದ ಮೊದಲ ದಿನವೇ ಸೀದಾ ಸಿಸ್ಟರ್ ಹತ್ರ ಹೋಗಿ ಉಪ್ಪು ಎಷ್ಟು ಹಾಕ್ಬಹುದು ಅಂತ ಕೇಳಿದ್ರು. ಮಾರನೇ ದಿನದಿಂದ ಸಂಜೆ ಆರೂವರೆಗೆ ಟಿಫನ್ ಕ್ಯಾರಿಯರ್ ಬರೋದು, ಕೆಳಗಿನ ಡಬ್ಬೀಲಿ ಅಪ್ಪಂಗೆ ಉಪ್ಪಿಲ್ಲದ ಗಂಜಿ, ಮೇಲಿನ ಎರಡರಲ್ಲಿ ನನಗೂ ಅಮ್ಮಂಗೂ ಅನ್ನ ಸಾರು, ಜೊತೆಗೆ ಪೇಪರಲ್ಲಿ ಸುತ್ತಿದ ಒಂದು ತುಂಡು ಉಪ್ಪಿನಕಾಯಿ. ಡಬ್ಬಿ ತೊಳೆಯೋಕೆ ಹೋದ್ರೆ ಬಿಡ್ತಿರಲಿಲ್ಲ, "ನೀನು ನಿಮ್ಮಪ್ಪನ ಹತ್ರ ಕೂತ್ಕೋ ಮಗಾ, ನಾನು ಮನೇಲಿ ತೊಳ್ಕೋತೀನಿ" ಅನ್ನೋರು. ಅವರು ಒಂದು ದಿನವೂ ಬೈಬಲ್ ವಚನ ಹೇಳಲಿಲ್ಲ. ಆ ಉಪ್ಪಿನ ಪ್ರಶ್ನೆ ಇದೆಯಲ್ಲ, ಅದೇ ನನಗೆ ಪ್ರೀತಿ ಅಂದ್ರೆ ಏನು ಅಂತ ಕಲಿಸಿದ್ದು. ನಮಗೆ ಕೊಡೋಕೆ ಏನು ಇಷ್ಟ ಅನ್ನೋದಲ್ಲ, ಅವರಿಗೆ ಏನು ಬೇಕು ಅಂತ ಕೇಳಿ ತಿಳ್ಕೊಳ್ಳೋದು.

ಯೊಪ್ಪ ಅನ್ನೋ ಊರಲ್ಲಿದ್ದ ತಬಿಥಾ ಅನ್ನೋ ಶಿಷ್ಯೆ ತೀರಿಹೋದಾಗಲೂ ಹೀಗೇ ಆಯ್ತು, ಅಪೊಸ್ತಲರ ಕೃತ್ಯಗಳು 9ರಲ್ಲಿದೆ. ಪೇತ್ರ ಬಂದಾಗ ವಿಧವೆಯರು ಅಳ್ತಾ ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನ ತೋರಿಸಿದ್ರು. ಆಕೆ ಆಡಿದ ಒಂದು ಮಾತೂ ಬೈಬಲ್ಲಲ್ಲಿ ಇಲ್ಲ, ಬಟ್ಟೆ ಇದೆ. ಅಳತೆ ತಗೊಂಡು ಹೊಲಿದಿರ್ತಾಳೆ ಅಲ್ವಾ, ಯಾರ ತೋಳು ಎಷ್ಟು ಉದ್ದ ಅಂತ ಅವಳಿಗೆ ಗೊತ್ತಿರುತ್ತೆ.

ಹಾಗಂತ ಅಡುಗೆಮನೆ ಕೆಲಸ ಎಲ್ಲರಿಗೂ ಇಷ್ಟ ಆಗ್ಬೇಕು ಅಂತಿಲ್ಲ. ಪ್ಯಾರಿಸ್ಸಿನಲ್ಲಿ ಕಾರ್ಮೆಲ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ರು, 1691ರಲ್ಲಿ ತೀರಿಕೊಂಡ್ರು. ಮೊದಲು ಸೈನಿಕ, ಕಾಲು ಏಟಾಗಿ ಕುಂಟ್ತಿದ್ರು, ಅಡುಗೆ ಅಂದ್ರೆ ಅವರಿಗೆ ಸ್ವಭಾವತಃ ಆಗ್ತಿರಲಿಲ್ಲ. ಆದ್ರೂ ವರ್ಷಗಟ್ಟಲೆ ಅಲ್ಲೇ ದೇವರ ಪ್ರೀತಿಗೋಸ್ಕರ ಅಂತ ಬೇಯಿಸಿ ಬಡಿಸಿದ್ರು, ಆಮೇಲೆ ಮಠದವರ ಚಪ್ಪಲಿ ರಿಪೇರಿ.

ಒಂದು ಮಾತು ಹೇಳ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಸುಗ್ಗಿ ಹಬ್ಬ ಆಗ್ಲಿ ಕ್ರಿಸ್ಮಸ್ ಆಗ್ಲಿ, ಊಟ ಮುಗಿದ್ಮೇಲೆ ದೊಡ್ಡ ಪಾತ್ರೆಗಳ ಹತ್ರ ಕೂರೋದು ಅದೇ ನಾಲ್ಕೈದು ಹೆಂಗಸರು, ನಾವು ಗಂಡಸರು ಚೇರ್ ಹಾಕ್ಕೊಂಡು ಸಭೆ ವಿಷಯ ಮಾತಾಡ್ತಿರ್ತೀವಿ. ಶಿಷ್ಯರ ಕಾಲು ತೊಳೆದ ಯೇಸು ಸೊಂಟಕ್ಕೆ ಟವಲ್ ಕಟ್ಟಿಕೊಂಡಿದ್ದನ್ನ ನಾವು ಪ್ರತಿ ವರ್ಷ ಓದ್ತೀವಿ.

ಇವತ್ತೂ ಊಟ ಇದೆ, ಅನ್ನದ ದೊಡ್ಡ ಹಂಡೆ ತಳ ಹಿಡಿದಿದೆಯಂತೆ. ಮುಗಿದ್ಮೇಲೆ ಹಿಂದ್ಗಡೆ ನಲ್ಲಿ ಹತ್ರ ನಾನಿರ್ತೀನಿ, ತೆಂಗಿನ ನಾರು, ಸೋಪು ತಂದಿದ್ದೀನಿ, ಹಂಡೆ ಎತ್ತೋಕೆ ಇನ್ನೂ ಮೂರು ಜನ ಬೇಕು.