ಅವ್ವನ ಕೈಗೆ ಮೊರ ಕೊಟ್ಟ ದಿನ

ಕೇಳುಗರಿಗೆ ನಮಸ್ಕಾರ.

ನಮ್ಮವ್ವನಿಗೆ ಮರೆವಿನ ಕಾಯಿಲೆ. ಡಿಮೆನ್ಷಿಯಾ ಅಂತಾರಲ್ಲ, ಅದು. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಇದು ಇದೆ ಅಂತ 2023ರ ಒಂದು ಅಧ್ಯಯನದ ಅಂದಾಜು. ಮನೆಯಲ್ಲಿ ನೋಡಿಕೊಳ್ಳುವುದು ಕೈ ಮೀರಿದಾಗ ಕಲಬುರಗಿಯಲ್ಲೇ ಒಂದು ಆಶ್ರಮಕ್ಕೆ ಸೇರಿಸಿದೆವು. ಮೊದಮೊದಲು ಅಲ್ಲಿ ಅವ್ವನ ಮುಂದೆ ಮಕ್ಕಳ ಬಣ್ಣದ ಪುಸ್ತಕ ಇಟ್ಟಿದ್ದರು. ಮೊಲದ ಚಿತ್ರ. ಅವ್ವ ಒಂದು ಸಲ ನೋಡಿ, ಆಚೆ ಸರಿಸಿ, ಗೋಡೆ ಕಡೆ ಮುಖ ಮಾಡಿ ಕೂತಳು. ನನ್ನ ಕರುಳು ಕಿವುಚಿದಂತಾಯಿತು.

ಮುಂದಿನ ವಾರ ಅವಳದೇ ಹಳೇ ಮೊರ ಒಯ್ದೆ. ತೊಗರಿ ಬೇಳೆ ಹಾಕಿ ತೊಡೆ ಮೇಲಿಟ್ಟೆ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ ಎರಡೂ ಹೆಬ್ಬೆರಳು ಮೊರದ ಅಂಚು ಹಿಡಿದವು. ಕೇರಿದಳು. ಹೊಟ್ಟು ಮುಂದೆ ಬಂತು, ಊದಿದಳು. ಒಂದು ಹರಳು ಆರಿಸಿ ಎಡಕ್ಕೆ ಒಗೆದಳು. "ಬ್ಯಾಳಿ ಯಾರ ಮನಿಂದು? ಹಸನಿಲ್ಲ ನೋಡು" ಅಂದಳು. ನನ್ನ ಹೆಸರು ಅವತ್ತೂ ನೆನಪಾಗಲಿಲ್ಲ. ಆದರೆ ಆ ದನಿ ಮನೆ ಯಜಮಾನಿಯದು.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಈಚಿನ ನೆನಪು ಮೊದಲು ಹೋಗುತ್ತದೆ. ಬೆಳಗ್ಗೆ ಉಂಡಿದ್ದು ಮರೆಯುತ್ತದೆ. ರೊಟ್ಟಿ ಬಡಿಯೋದು, ಕೌದಿ ಹೊಲಿಯೋದು, ಭಜನೆಗೆ ತಾಳ ಹಾಕೋದು ಬಹಳ ಕಾಲ ಕೈಯಲ್ಲೇ ಉಳಿದಿರುತ್ತವೆ. ಹಾಗಾಗಿ ಆಶ್ರಮಕ್ಕೆ ಸೇರಿಸುವಾಗ ಔಷಧಿ ಚೀಟಿಯ ಜೊತೆ, ಅವರು ಬದುಕಿಡೀ ಏನು ಮಾಡುತ್ತಿದ್ದರು ಅಂತಲೂ ಬರೆದುಕೊಡಿ.

ಅಲ್ಲೊಬ್ಬ ಮುತ್ಯಾ ಇದ್ದಾರೆ, ಹಿಂದೆ ಬಸ್ ಕಂಡಕ್ಟರ್. ಸಂಜೆಯಾದರೆ ಇಂಥವರಲ್ಲಿ ಎಷ್ಟೋ ಮಂದಿಗೆ ಚಡಪಡಿಕೆ ಜಾಸ್ತಿ. ಮುತ್ಯಾ "ಡ್ಯೂಟಿಗೆ ಹೊತ್ತಾತು" ಅಂತ ಗೇಟಿಗೆ ಹೋಗುತ್ತಿದ್ದರು. ತಡೆದರೆ ಜಗಳ. ಈಗ ಆಯಾ "ಮುತ್ಯಾ, ಚಾ ಮಾಡಬೇಕು, ಎಷ್ಟು ಮಂದಿ ಅದಾರ ಎಣಿಸಿ ಬರ್ರಿ" ಅಂತಾಳೆ. ಅವರು ಬೆರಳು ತೋರಿಸುತ್ತಾ ಒಂದೊಂದೇ ತಲೆ ಎಣಿಸಿ ಬರುತ್ತಾರೆ. ಲೆಕ್ಕ ತಪ್ಪಿದರೆ ಒಂದು ಕಪ್ ಜಾಸ್ತಿ, ಅಷ್ಟೇ ಅಲ್ವಾ?

ಇಂಥ ಕೆಲಸ ಹದಿನೈದು ಇಪ್ಪತ್ತು ನಿಮಿಷ ಮಾಡಿಸಿದರೆ ಸಾಕು. ಒಂದು ಸಲಕ್ಕೆ ಒಂದೇ ಮಾತು ಹೇಳಿ. "ನಾನ್ಯಾರು ಹೇಳು" ಅಂತ ಪರೀಕ್ಷೆ ಮಾತ್ರ ಬೇಡ. ಕಾಳು ಬಾಯಿಗೆ ಹಾಕಿಕೊಂಡಾರು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ, ನನಗೂ ಗೊತ್ತು.

ಅಡುಗೆಯವರಲ್ಲಿ ಒಂದೇ ಕೇಳಿಕೊಂಡಿದ್ದೇನೆ. ಅವ್ವ ಆರಿಸಿದ ಬೇಳೆಗೆ ಹರಳು ಕಲಸಿ ಮತ್ತೆ ಅವಳಿಗೇ ಕೊಡಬೇಡಿ, ಅವತ್ತೇ ಒಲೆ ಮೇಲಿಡಿ ಅಂತ. ಅವರು ಒಪ್ಪಿದ್ದಾರೆ.

ನಮಸ್ಕಾರ.