ಗಂಟು ಎಲ್ಲಿದೆ ನೋಡಿ

ಕೇಳುಗರಿಗೆ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದ ಕಡೆ ಓಡಾಡಿದವರು ಹಳೆಯ ಪೈನ್ ಪ್ಯಾಲೆಟ್‌ಗಳನ್ನು, ಅಂದರೆ ಸರಕು ಇಟ್ಟು ಸಾಗಿಸೋ ಮರದ ಚೌಕಟ್ಟುಗಳನ್ನು, ನೋಡೇ ಇರ್ತೀರಿ. ಹೋದ ವರ್ಷ ಅಂಥದ್ದೊಂದನ್ನು ಬಿಚ್ಚಿ, ಅದರ ಎರಡು ದಪ್ಪ ಪಟ್ಟಿಗಳನ್ನು ಅಡ್ಡ ಹಾಕಿ ಮನೆಯಲ್ಲಿ ಅಟ್ಟ ಮಾಡಿದೆ. ಪಟ್ಟಿಯ ಮೇಲೆ ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ಎಚ್‌ಟಿ ಅನ್ನೋ ಸೀಲು. ಪಾಸಾದ ಮಾಲು ಅಂದುಕೊಂಡೆ. ಜೋಳದ ಚೀಲ ಏರಿಸಿದ ಮೂರನೇ ದಿನಕ್ಕೆ ಒಂದು ಪಟ್ಟಿ ಲಟಕ್ಕನೆ ಮುರಿಯಿತು.

ಆ ಸೀಲಿಗೂ ಗಟ್ಟಿತನಕ್ಕೂ ಸಂಬಂಧವೇ ಇಲ್ಲ. ಮರದ ಒಳಗಿನವರೆಗೂ 56 ಡಿಗ್ರಿ ಕಾವು 30 ನಿಮಿಷ ಇತ್ತು, ಹುಳ ಸತ್ತಿದೆ ಅಂತ ಹೇಳೋ ಸೀಲು ಅದು. ಅಷ್ಟೇ.

ಬಡಿಗರು ಮುರಿದ ತುಂಡು ತಿರುಗಿಸಿ, "ಗಂಟು ಕೆಳಗ ಬಂದೈತಿ ನೋಡ್ರಿ" ಅಂದರು. ಹೌದು, ಕೆಳ ಅಂಚಿನಲ್ಲೇ ರೂಪಾಯಿಯಗಲದ ಕಪ್ಪು ಗಂಟು. ಅದರ ಸುತ್ತ ಎಳೆಗಳೆಲ್ಲ ಬಳಸಿಕೊಂಡು ಹೋಗಿದ್ದವು. ಭಾರ ಬಿದ್ದಾಗ ತೊಲೆಯ ಕೆಳ ಅಂಚು ಹಿಗ್ಗುತ್ತದೆ, ಮೇಲಂಚು ಒತ್ತಿಕೊಳ್ಳುತ್ತದೆ, ನಡುವಿನ ಭಾಗ ಹೆಚ್ಚುಕಡಿಮೆ ಆರಾಮಾಗಿರುತ್ತದೆ. ಎಳೆ ನೇರ ಇಲ್ಲದ ಕಡೆ ಹಿಗ್ಗಿದರೆ ಸೀಳದೆ ಇನ್ನೇನು?

ಅಮೆರಿಕ, ಕೆನಡಾದ ಸಾ ಮಿಲ್‌ಗಳಲ್ಲಿ ಹಲಗೆಗೆ ದರ್ಜೆ ಕೊಡುವವರೂ ಇದನ್ನೇ ನೋಡ್ತಾರೆ. ಅಲ್ಲಿನ ಎರಡು-ನಾಲ್ಕು ಅಂಗುಲದ ಪಟ್ಟಿಗೆ ಎರಡನೇ ನಂಬರ್ ಸಿಗಬೇಕಾದರೆ ನಡುವೆ 2 ಅಂಗುಲದ ಗಂಟಿದ್ದರೂ ನಡೆಯುತ್ತದೆ, ಅಂಚಿನಲ್ಲಿ ಒಂದೂಕಾಲು ಅಂಗುಲ ಮೀರಬಾರದು. ಓರೆ ಎಳೆ, ಸೀಳು, ಅಂಚಲ್ಲಿ ಉಳಿದ ತೊಗಟೆ, ಇವಕ್ಕೂ ಲೆಕ್ಕ ಇದೆ. ಅಲ್ಲಿನ ದರ್ಜೆಯ ಸೀಲಿನಲ್ಲಿ ಎಸ್-ಡ್ರೈ ಅಂತಿದ್ದರೆ ಹತ್ತರಿ ಹೊಡೆದಾಗ ಮರದ ತೇವ ಶೇಕಡಾ 19ಕ್ಕಿಂತ ಜಾಸ್ತಿ ಇರಲಿಲ್ಲ ಅಂತ ಅರ್ಥ. (ಅಂದಹಾಗೆ, ಆ ಎರಡು-ನಾಲ್ಕು ಹೆಸರಿಗೆ ಮಾತ್ರ. ಒಣಗಿಸಿ ಹತ್ತರಿ ಹೊಡೆದ ಮೇಲೆ ಉಳಿಯೋದು ಒಂದೂವರೆ-ಮೂರೂವರೆ!)

ಕಣ್ಣನ್ನೇ ನಂಬದೆ ಯಂತ್ರದಲ್ಲಿ ನೋಡೋದೂ ಉಂಟು. ಹಲಗೆಯನ್ನು ರೋಲರ್‌ಗಳ ನಡುವೆ ಸ್ವಲ್ಪ ಬಗ್ಗಿಸಿ, ಎಷ್ಟು ಬಿಗಿ ಇದೆ ಅಂತ ಅಳೀತಾರೆ. ಯುರೋಪಿನ ಸಿ24 ಅನ್ನೋ ಗುರುತಿನಲ್ಲಿರುವ 24, ಬಗ್ಗಿಸಿದಾಗ ಮರ ತಡೆಯೋ ಬಲ. ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅಂತ ಲೆಕ್ಕ.

ನಮ್ಮ ಬಡಿಗರ ಹತ್ತಿರ ಯಂತ್ರ ಎಲ್ಲಿಂದ ಬರಬೇಕು? ಉಳಿದ ಪಟ್ಟಿಯನ್ನು ಬಿಚ್ಚಿ, ಅದರ ಸಣ್ಣ ಗಂಟು ಮೇಲೆ ಬರೋ ಹಾಗೆ ಮಗುಚಿ ಕೂರಿಸಿದರು. ಮುರಿದದ್ದರ ಜಾಗಕ್ಕೆ ಸಾಗವಾನಿ ತುಂಡು ಬಂತು. ಜೋಳದ ಚೀಲ ಈಗ ಕೆಳಗೇ ಇದೆ.